ಕಾಲುಸಂಕ ದಾಟುವ ಕುರ್ಚಿ

ನಮ್ಮ ಕಡೆ ಒಂದು ವಸ್ತು ಊರಿನದು ಅನಿಸಿಕೊಳ್ಳಬೇಕಾದರೆ ಅದರ ಮೇಲೆ ಯಾರದ್ದಾದರೂ ಹೆಸರು ಇರಬೇಕು. ಬಸ್ಸು ತಂಗುದಾಣದ ಗೋಡೆಯಲ್ಲಿ, ಭಜನಾ ಮಂದಿರದ ಫ್ಯಾನಿನ ಮೂರೂ ರೆಕ್ಕೆಗಳಲ್ಲಿ, ಶಾಲೆಯ ನೀರಿನ ಟ್ಯಾಂಕಿಯಲ್ಲಿ, ಸಮಾರಂಭದ ಊಟದ ಬಟ್ಟಲಿನ ಅಡಿಯಲ್ಲಿ, ಎಲ್ಲಿ ನೋಡಿದರೂ ‘ಕೊಡುಗೆ’ ಎಂದು ಬರೆದು ಕೆಳಗೊಂದು ಹೆಸರು. ಫ್ಯಾನು ತಿರುಗುವಾಗ ಹೆಸರು ಓದಲಿಕ್ಕಾಗುವುದಿಲ್ಲ, ಓದಲೇಬೇಕೆಂದರೆ ಫ್ಯಾನು ನಿಲ್ಲಿಸಿ ಸೆಕೆಯಲ್ಲಿ ಕೂರಬೇಕು. ಆದರೂ ಇದನ್ನು ತಪ್ಪೆಂದು ಯಾರೂ ಹೇಳುವುದಿಲ್ಲ. ಕೊಟ್ಟವನಿಗೆ ಅಷ್ಟಾದರೂ ಬೇಡವೇ? ಜಾಲ್ಸೂರಿನ ಹರಿಪ್ರಸಾದನೂ ಹೇಳಿದವನಲ್ಲ. ಹೇಳುವುದಾದರೂ ಹೇಗೆ, ಆ ಹೆಸರಿನ ತಗಡುಗಳಲ್ಲಿ ಅರ್ಧಕ್ಕರ್ಧ ಅವನ ವರ್ಕ್‌ಶಾಪಿನಲ್ಲೇ ಕತ್ತರಿಸಿದವು.

ಅವನದು ಗೇಟು, ಕಿಟಕಿಯ ಸರಳು, ಮನೆಯ ಮೇಲಿನ ಶೀಟಿನ ಮಾಡು ಮಾಡಿಕೊಡುವ ಸಣ್ಣ ವರ್ಕ್‌ಶಾಪು. ಕೆಲಸ ಅಚ್ಚುಕಟ್ಟು, ಮಾತು ಕಡಿಮೆ. ‘ಆಗುವುದಿಲ್ಲ’ ಎಂಬ ಮಾತಂತೂ ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಗೇಟಿಗೆ ನವಿಲು ಬೇಕೆಂದರೆ ನವಿಲು, ನವಿಲಿನ ಪಕ್ಕ ಓಂಕಾರ ಬೇಕೆಂದರೆ ಓಂಕಾರ. ಈ ಗುಣವನ್ನು ಊರಿನವರು ಒಳ್ಳೆಯತನ ಎನ್ನುತ್ತಿದ್ದರು. ಅವನ ಹೆಂಡತಿ ಭವಿತಾ ಅದಕ್ಕೆ ಬೇರೆ ಹೆಸರಿಟ್ಟಿದ್ದಳು, ಅದನ್ನಿಲ್ಲಿ ಬರೆಯುವುದು ಬೇಡ.

ಝುಲೈಖಾ ಅಜ್ಜಾವರದವಳು, ಬಟ್ಟೆ ಹೊಲಿಯುವವಳು. ಹರಿಪ್ರಸಾದನ ಮಗಳ ಶಾಲೆಯ ಸಮವಸ್ತ್ರ ಒಂದನೇ ಕ್ಲಾಸಿನಿಂದ ಅವಳ ಕೈಯದೇ. ಎರಡೂ ಕಿಡ್ನಿ ಸೋತ ಮೇಲೆ ಅವಳು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಸುಳ್ಯಕ್ಕೆ ಹೋಗಬೇಕಾಯಿತು. ಕಾಲಿನ ಶಕ್ತಿಯೂ ಹೋಯಿತು. ಅವಳೂ ತಂಗಿ ಸಫಿಯಾಳೂ ಇರುವ ಮನೆ ರಸ್ತೆಯಿಂದ ಕೆಳಗೆ, ನೀರು ಹರಿಯುವ ತೋಡಿನ ಆಚೆ. ರಿಕ್ಷಾ ನಿಲ್ಲುವುದು ಮೇಲೆ ರಸ್ತೆಯಲ್ಲಿ. ಅಲ್ಲಿಗೆ ಮುಟ್ಟಬೇಕಾದರೆ ಮೊದಲು ಕಾಲುಸಂಕ ದಾಟಬೇಕು, ಆಮೇಲೆ ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲು ಹತ್ತಬೇಕು. ಕಾಲುಸಂಕವೆಂದರೆ ತೋಡಿಗೆ ಅಡ್ಡಲಾಗಿ ಒಂದು ಸಿಮೆಂಟಿನ ಹಾಸು, ಎರಡೂ ಬದಿಗೆ ಸೊಂಟದೆತ್ತರದ ಕಬ್ಬಿಣದ ಬೇಲಿ. ಎದುರಿನಿಂದ ಯಾರಾದರೂ ಬಂದರೆ ಮೈ ಓರೆ ಮಾಡಿ ನಿಲ್ಲಬೇಕು, ಅಷ್ಟು ಕಿರಿದು. ಆ ಬೇಲಿ ಬೆಸೆದವನು ಹರಿಪ್ರಸಾದನೇ. ಅದರ ಅಗಲ ಅವನಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಿತ್ತು.

ಮೊದಮೊದಲು ಅಕ್ಕಪಕ್ಕದ ನಾಲ್ಕು ಗಂಡಸರು ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ಆಗುವುದಿಲ್ಲವೆಂದವರು ಯಾರೂ ಇಲ್ಲ. ಆದರೆ ಒಬ್ಬನಿಗೆ ಬೆಳಿಗ್ಗೆ ರಬ್ಬರಿನ ಹಾಲು ತೆಗೆಯುವುದಿರುತ್ತದೆ, ಇನ್ನೊಬ್ಬನಿಗೆ ಬಸ್ಸು ಹಿಡಿಯುವುದಿರುತ್ತದೆ, ಮತ್ತೊಬ್ಬನ ಸೊಂಟ ಹಿಡಿದುಕೊಂಡಿರುತ್ತದೆ. ಮೂವರು ಬಂದು ನಾಲ್ಕನೆಯವನನ್ನು ಕಾಯುತ್ತ ಆಸ್ಪತ್ರೆಯ ಸಮಯ ಮೀರಿದ್ದೂ ಉಂಟು. ಕುರ್ಚಿಯಲ್ಲಿ ಕೂತುಕೊಂಡು ಜನರ ದಾರಿ ಕಾಯುವುದು ಕಾಯಿಲೆಗಿಂತ ದೊಡ್ಡ ಶಿಕ್ಷೆ ಎಂದು ಝುಲೈಖಾ ಸಫಿಯಾಳಲ್ಲಿ ಹೇಳಿದ್ದಳಂತೆ. ಒಂದು ದಿನ ಅವಳು ಹರಿಪ್ರಸಾದನನ್ನು ಮನೆಗೆ ಕರೆಸಿದಳು.

“ಹರಿಯಣ್ಣ, ನನಗೊಂದು ಕುರ್ಚಿ ಮಾಡಿ ಕೊಡ್ಬೇಕು,” ಎಂದಳು. “ಎದುರು ಸಫಿಯಾ, ಹಿಂದೆ ಪಕ್ಕದ ಮನೆಯ ನೀಲಾವತಿ. ಇವರಿಬ್ಬರೇ ಹಿಡಿದ್ರೆ ನಾನು ಮೇಲೆ ಮುಟ್ಟಬೇಕು. ಗಂಡಸರನ್ನು ಕಾಯುವ ಹಾಗೆ ಇರಬಾರ್ದು. ಬೇರೆ ಎಂತದೂ ಬೇಡ.”

ಇಷ್ಟೇ ಅವಳು ಕೇಳಿದ್ದು. ಹರಿಪ್ರಸಾದ ಆ ಕುರ್ಚಿಗೆ ತಲೆ ಓಡಿಸಿದಷ್ಟು ಬೇರೆ ಯಾವುದಕ್ಕೂ ಓಡಿಸಿರಲಿಲ್ಲ. ಹಗುರವಾದ ಪೈಪು ತರಿಸಿದ. ಕುರ್ಚಿಯ ಅಡಿಗೆ, ನಡುಮಧ್ಯದಲ್ಲಿ, ಗೊಬ್ಬರ ದೂಡುವ ಕೈಗಾಡಿಯ ಒಂದೇ ಚಕ್ರ. ಎದುರಿಗೆರಡು, ಹಿಂದೆರಡು ಹಿಡಿಗಳು. ಸಮ ನೆಲದಲ್ಲಿ ಉರುಳಿಸಿಕೊಂಡು ಹೋಗುವುದು, ಮೆಟ್ಟಿಲು ಬಂದಾಗ ಎತ್ತುವುದು. ಸೀಟಿನ ಬಟ್ಟೆಯನ್ನೂ ಸೊಂಟದ ಪಟ್ಟಿಯನ್ನೂ ಝುಲೈಖಾಳೇ ಹೊಲಿದಳು. ತೂಕ ಜಾಸ್ತಿಯಾಯಿತೆಂದು ಕೈ ಇಡುವ ಪಟ್ಟಿಗಳನ್ನು ಮಾಡಿದವನೇ ಕತ್ತರಿಸಿ ತೆಗೆದ. ನೋಡಲು ಏನೂ ಚಂದವಿರಲಿಲ್ಲ. ಆದರೆ ಮೊದಲ ದಿನ ಆ ಇಬ್ಬರು ಹೆಂಗಸರು ಅವಳನ್ನು ಕಾಲುಸಂಕ ದಾಟಿಸಿ, ಮೆಟ್ಟಿಲಿನಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡು, ರಸ್ತೆಗೆ ಮುಟ್ಟಿಸಿದಾಗ ಹರಿಪ್ರಸಾದನ ಕಣ್ಣು ತುಂಬಿತು. ಝುಲೈಖಾ ರಿಕ್ಷಾದವನಿಗೆ, ಇವತ್ತು ನಾನೇ ನಿನ್ನನ್ನು ಕಾದದ್ದು, ಎಂದು ತಮಾಷೆ ಮಾಡಿದಳು.

ಆ ಬೇಸಿಗೆ ಪೂರ್ತಿ ಅವಳು ಒಂದು ಸಲವೂ ಆಸ್ಪತ್ರೆ ತಪ್ಪಿಸಲಿಲ್ಲ. ಮುಖದ ಬಾವು ಇಳಿಯಿತು. ಹೊಲಿಗೆ ಮಿಷನ್ನಿನ ಮೇಲಿನ ಹೊದಿಕೆ ತೆಗೆದಳು.

ಹಾಳಾದದ್ದು ಆಮೇಲೆ, ಅದೂ ಒಳ್ಳೆಯವರಿಂದ. ಯಾರೋ ಕುರ್ಚಿಯ ವಿಡಿಯೋ ತೆಗೆದು ವಾಟ್ಸಾಪಿಗೆ ಹಾಕಿದರು. ಅದು ಪುತ್ತೂರು, ಕಡಬ ಎಲ್ಲ ಸುತ್ತಿ ಬಂತು. ಕಾಣಿಯೂರಿನಿಂದ ಒಬ್ಬರು ಫೋನು ಮಾಡಿ, ತಮ್ಮ ತಂದೆಗೂ ಇಂಥದ್ದು ಬೇಕು ಎಂದರು. ಪೇಪರಿನವರು ಬಂದು ಹರಿಪ್ರಸಾದನ ಫೋಟೋ ಹಾಕಿ ‘ಗ್ರಾಮೀಣ ಸಂಶೋಧಕ’ ಎಂದು ಬರೆದರು. ಅವನು ಆ ಪುಟವನ್ನು ಕತ್ತರಿಸಿ ವರ್ಕ್‌ಶಾಪಿನ ಗೋಡೆಗೆ ಅಂಟಿಸಿದ. ಅವನಿಗೆ ಹಿತವಾಗಿತ್ತು, ಇಲ್ಲವೆನ್ನುವುದು ಯಾಕೆ.

ಫೋಟೋ ಬಂದ ಮರುದಿನವೇ ಕಿಟ್ಟಣ್ಣ ಬಂದರು. ಕಿಟ್ಟಣ್ಣ ಭವಿತಾಳ ಸೋದರಮಾವ, ಊರಿನ ಅಭಿವೃದ್ಧಿ ಸಮಿತಿಯ ಅಧ್ಯಕ್ಷರು. ಹರಿಪ್ರಸಾದನ ವರ್ಕ್‌ಶಾಪಿಗೆ ಜಾಗ ಹುಡುಕಿ ಕೊಟ್ಟವರು ಅವರು, ಕರೆಂಟಿಗೆ ಓಡಾಡಿದವರು ಅವರು, ಮಗಳು ಹುಟ್ಟುವಾಗ ಕಾರು ತಂದವರು ಅವರು. ಯಾರ ಮನೆಯಲ್ಲಿ ಏನೇ ಆದರೂ ಮೊದಲು ಕಾಣಿಸುವ ಮುಖ ಅವರದು. ಅಂಥವರಿಗೆ ಎದುರು ಹೇಳಲು ನಾಲಿಗೆ ಏಳುವುದಾದರೂ ಹೇಗೆ? ಸಮಿತಿಯ ಮೂಲಕ ಊರೂರಿಗೆ ಇಂಥ ಕುರ್ಚಿ ಮಾಡಿಸಿ ಕೊಡೋಣ, ದಾನಿಗಳನ್ನು ನಾನು ನೋಡಿಕೊಳ್ಳುತ್ತೇನೆ, ಎಂದರು ಕಿಟ್ಟಣ್ಣ. ಮೊದಲನೆಯದನ್ನು ಝುಲೈಖಾಳಿಗೇ ವೇದಿಕೆಯಲ್ಲಿ ಕೊಡಬೇಕು, ಜನ ವಿಡಿಯೋದಲ್ಲಿ ನೋಡಿದ್ದು ಅವಳನ್ನಲ್ಲವೇ. ಸದ್ಯಕ್ಕೆ ಮಾದರಿಗೆಂದು ಅವಳ ಕುರ್ಚಿ ಬೇಕು. ಒಂದು ವಾರದ ಮಾತು.

ಹರಿಪ್ರಸಾದ ಹೋಗಿ ಕುರ್ಚಿ ಕೇಳಿದ. ಝುಲೈಖಾ ವಾರಕ್ಕಿಂತ ಹೆಚ್ಚಾಗುವುದು ಬೇಡ ಎಂದಷ್ಟೇ ಹೇಳಿ ಸೀಟಿನ ಮೇಲೆ ಹಾಸಿದ್ದ ತನ್ನ ಶಾಲು ತೆಗೆದುಕೊಂಡಳು. ಹೊಸದು ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ಅವನು ಮಾತು ಕೊಟ್ಟ. ಯಾರೂ ಕೇಳದೆ ಕೊಟ್ಟ ಮಾತು ಅದು.

ದಾನಿಗಳು ಒಬ್ಬೊಬ್ಬರಾಗಿ ಬಂದರು. ಕಷ್ಟ ಎಲ್ಲಿ ಶುರುವಾಯಿತೆಂದರೆ, ಕುರ್ಚಿಯಲ್ಲಿ ಹೆಸರು ಬರೆಯಲು ಜಾಗವೇ ಇರಲಿಲ್ಲ. ನಾಲ್ಕು ಪೈಪು, ಒಂದು ಚಕ್ರ, ಒಂದು ಬಟ್ಟೆ, ಅಷ್ಟೇ ತಾನೆ ಅದು. ಇಡೀ ಕುರ್ಚಿಗೆ ಒಬ್ಬರದೇ ಹೆಸರು ಹಾಕಿದರೆ ಉಳಿದವರಿಗೆ ಬೇಸರ. ಕಿಟ್ಟಣ್ಣ ಅದಕ್ಕೆ ದಾರಿ ಕಂಡುಹಿಡಿದರು. ಒಬ್ಬೊಬ್ಬರು ಒಂದೊಂದು ಭಾಗ ಕೊಡಲಿ, ಆ ಭಾಗದಲ್ಲಿ ಅವರ ಹೆಸರು ಇರಲಿ. ಭಾಗವಿಲ್ಲವಾದರೆ ಭಾಗ ಹುಟ್ಟಿಸಿದರಾಯಿತು.

ಯುವಕ ಮಂಡಲದವರು ಬಿಸಿಲಿಗೊಂದು ಮಾಡು ಕೊಟ್ಟರು, ಸುತ್ತ ಝಾಲರಿಯಲ್ಲಿ ಮಂಡಲದ ಹೆಸರು. ಪುತ್ತೂರಿನ ಮೆಡಿಕಲ್ ಅಂಗಡಿಯವರದ್ದು ಗ್ಲೂಕೋಸ್ ಬಾಟಲಿ ನೇತುಹಾಕುವ ಕಂಬ. ಟಯರಿನ ಅಂಗಡಿಯವರು ಒಂಟಿ ಚಕ್ರವೆಂದರೆ ಗೊಬ್ಬರದ ಗಾಡಿಯ ಹಾಗೆ ಕಾಣುತ್ತದೆ, ಮನುಷ್ಯರನ್ನು ಕೂರಿಸುವುದಕ್ಕೆ ಒಂದು ಮರ್ಯಾದೆ ಬೇಡವೇ ಎಂದು ಎರಡು ದೊಡ್ಡ ಚಕ್ರ ಕಳಿಸಿಕೊಟ್ಟರು, ಬ್ರೇಕಿನ ಸಮೇತ. ದುಬೈಯಿಂದ ರಜೆಗೆ ಬಂದಿದ್ದ ನಿಝಾಮನದ್ದು ದಪ್ಪ ಕುಶನ್ನು ಮತ್ತು ಅಗಲವಾದ ಕೈಪಟ್ಟಿಗಳು, ಸೋಫಾದಲ್ಲಿ ಇರುವಂಥವು. ಊಟದ ತಟ್ಟೆ ಇಡಲು ಮಡಚುವ ಹಲಗೆ ಒಬ್ಬರದು. ಮೊಬೈಲು ಚಾರ್ಜು ಮಾಡುವ ಬ್ಯಾಟರಿ ಇನ್ನೊಬ್ಬರದು. ರಸ್ತೆಯಲ್ಲಿ ಹೋಗುವಾಗ ಹಾರ್ನು ಬೇಡವೇ ಎಂದು ಕೇಳಿದವರೂ ಇದ್ದರು, ಹಾರ್ನು ಬಂತು. ಎಲ್ಲರೂ ಮನಸ್ಸಿನಿಂದ ಕೊಟ್ಟವರೇ. ಯಾರಲ್ಲೂ ಕೆಟ್ಟದ್ದಿರಲಿಲ್ಲ, ಅದೇ ಸಂಕಟ.

ಒಂದೊಂದು ಬಂದಾಗಲೂ ಹರಿಪ್ರಸಾದ ಮೊದಲು ತಲೆ ಕೆರೆದುಕೊಳ್ಳುತ್ತಿದ್ದ, ಆಮೇಲೆ ಅದಕ್ಕೊಂದು ಉಪಾಯ ಹುಡುಕುತ್ತಿದ್ದ. ಉಪಾಯ ಸಿಕ್ಕಾಗ ಖುಷಿಯಾಗುತ್ತಿತ್ತು. ಹೇಗೂ ಅವಳಿಗೇ ಹೋಗುವುದಲ್ಲವೇ ಎಂದು, ಹೊಸ ಪೈಪು ತರದೆ ಝುಲೈಖಾಳ ಕುರ್ಚಿಗೇ ತೂತು ಕೊರೆದು ಬೋಲ್ಟು ಹಾಕುತ್ತ ಹೋದ. ಅಗಲ ಕಾಲುಸಂಕಕ್ಕಿಂತ ಹೆಚ್ಚಾದ ದಿನ ಅವನಿಗೆ ಅದು ಗೊತ್ತಾಗಿತ್ತು. ನಾಲ್ಕು ಜನ ಸೇರಿ ಎತ್ತಿದರೆ ಬೇಲಿಯ ಮೇಲಿಂದ ದಾಟಿಸಬಹುದು ಎಂದು ತನಗೆ ತಾನೇ ಹೇಳಿಕೊಂಡ. ನಾಲ್ಕು ಜನ ಬೇಡವೆಂದೇ ಆ ಕುರ್ಚಿ ಹುಟ್ಟಿದ್ದು ಎಂಬುದನ್ನು ಅವನು ಮರೆತಿರಲಿಲ್ಲ. ಮರೆತವನಂತೆ ಕೆಲಸ ಮಾಡಿದ.

ಒಂದು ವಾರದ ಮಾತು ತಿಂಗಳಾಯಿತು, ತಿಂಗಳು ದಾಟಿತು. ಸಭಾಭವನ ಸಿಕ್ಕಿದರೆ ಮುಖ್ಯ ಅತಿಥಿ ಸಿಗುವುದಿಲ್ಲ, ಅತಿಥಿ ಸಿಕ್ಕಿದರೆ ಸಭಾಭವನದಲ್ಲಿ ಮದುವೆ. ಝುಲೈಖಾ ಮತ್ತೆ ಪ್ಲಾಸ್ಟಿಕ್ ಕುರ್ಚಿಗೆ ಬಂದಿದ್ದಳು, ಗಂಡಸರ ದಾರಿ ಕಾಯುತ್ತಿದ್ದಳು. ವಾರಕ್ಕೆ ಎರಡು ಸಲದ ಜಾಗದಲ್ಲಿ ಒಂದು ಸಲವಾಯಿತು. ಸಫಿಯಾ ಫೋನು ಮಾಡಿ ಅಕ್ಕನಿಗೆ ಉಬ್ಬಸ ಎಂದು ಹೇಳಿದಾಗಲೆಲ್ಲ ಹರಿಪ್ರಸಾದ ಇದೇ ವಾರ ಆಗುತ್ತದೆ ಎನ್ನುತ್ತಿದ್ದ. ಸದ್ಯಕ್ಕೆ ಇನ್ನೊಂದು ಸಾದಾ ಕುರ್ಚಿ ಮಾಡಿ ಕೊಡಬಾರದೇ ಎಂದು ಭವಿತಾ ಕೇಳಿದಳು. ವೇದಿಕೆಯಲ್ಲಿ ಕೊಡುವ ಮೊದಲೇ ಕೊಟ್ಟರೆ ಮಾವನಿಗೂ ದಾನಿಗಳಿಗೂ ಅವಮಾನ ಮಾಡಿದ ಹಾಗಾಗುತ್ತದೆ ಎಂದ ಅವನು.

“ನೀವು ಮಾವನಿಗೆ ಒಂದು ಸಲ ಬೇಡ ಅಂತ ಹೇಳಿ,” ಎಂದಳು ಭವಿತಾ. “ಅವರೆಂತ ನಿಮ್ಮನ್ನು ತಿನ್ನುದಿಲ್ಲ.”

ಅವನು ಹೇಳುತ್ತೇನೆ ಎಂದ. ಹೇಳಲಿಲ್ಲ.

ಕೊನೆಗೂ ಸಮಾರಂಭವಾಯಿತು. ಶಾಮಿಯಾನ, ಸ್ವಾಗತ, ಪ್ರಾರ್ಥನೆ, ಪ್ರಸ್ತಾವನೆ. ಹರಿಪ್ರಸಾದನಿಗೆ ಶಾಲು ಹೊದಿಸಿದರು. ಝುಲೈಖಾಳಿಗೆ ದೊಡ್ಡ ಹಣ್ಣಿನ ಬುಟ್ಟಿ ಕೊಟ್ಟರು. ಅವಳಿಗೆ ಡಾಕ್ಟರು ತಿನ್ನಲೇಬಾರದೆಂದು ಹೇಳಿದ ಹಣ್ಣುಗಳೆಲ್ಲ ಅದರಲ್ಲಿದ್ದವು. ನಾಲ್ಕು ಹುಡುಗರು ಅವಳನ್ನು ಎತ್ತಿ ಹೊಸ ಕುರ್ಚಿಯಲ್ಲಿ ಕೂರಿಸಿದರು. ಮಾಡು, ಕಂಬ, ಹಲಗೆ, ಹಾರ್ನು, ಎಲ್ಲದರ ನಡುವೆ ಅವಳು ಸಣ್ಣದಾಗಿ ಕಾಣುತ್ತಿದ್ದಳು. ಕುರ್ಚಿ ಹೊಳೆಯುತ್ತಿತ್ತು. ದಾನಿಗಳ ಹೆಸರು ಓದಿ ಮುಗಿಸುವಷ್ಟರಲ್ಲಿ ಅವಳ ಉಸಿರು ಭಾರವಾಗಿತ್ತು. ಫೋಟೋ ತೆಗೆಯಲು ಹರಿಪ್ರಸಾದ ಪಕ್ಕದಲ್ಲಿ ಬಗ್ಗಿ ನಿಂತಾಗ ಅವಳು ಮೆಲ್ಲಗೆ ಕೇಳಿದಳು.

“ಹರಿಯಣ್ಣ, ನನ್ನ ಹಳೇದು ಎಲ್ಲಿ?”

“ಇದರ ಒಳಗೆ ಉಂಟು ಝುಲೈಖಕ್ಕ.”

“ಹಾಗಾದ್ರೆ ಅದನ್ನು ತೆಗ್ದು ಕೊಡಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹರಿಪ್ರಸಾದ ಕ್ಯಾಮರಾ ನೋಡಿ ನಕ್ಕ. ಆ ಫೋಟೋ ಈಗಲೂ ಸಮಿತಿಯ ಆಫೀಸಿನಲ್ಲಿದೆ.

ಕುರ್ಚಿಯನ್ನು ಪಿಕಪ್ಪಿನಲ್ಲಿ ಹಾಕಿ ಅಜ್ಜಾವರದ ರಸ್ತೆಯ ತನಕ ತಂದರು. ಖಾಲಿ ಕುರ್ಚಿಯನ್ನು ಮೆಟ್ಟಿಲಿಳಿಸಲಿಕ್ಕೇ ಹುಡುಗರು ಬೆವರಿ ಹೋದರು. ಕಾಲುಸಂಕದ ಬಾಯಲ್ಲಿ ಅದು ಬೇಲಿಗೆ ತಾಗಿ ನಿಂತಿತು. ಬೇಲಿಯ ಮೇಲಿಂದ ಎತ್ತಲು ನೋಡಿದರು. ಮಾಡು ಅಲ್ಲಾಡಿತು, ಒಬ್ಬ ಹುಡುಗನ ಬೆರಳು ಸಿಕ್ಕಿಕೊಂಡಿತು. ನೀಲಾವತಿ ಆಚೆ ದಡದಲ್ಲಿ ನಿಂತು ನೋಡಿದವಳು ಹಾಗೇ ಒಳಗೆ ಹೋದಳು. ಕೊನೆಗೆ ಕುರ್ಚಿಯನ್ನು ವಾಪಸು ಮೇಲೆ ತಂದು ಬಸ್ಸು ತಂಗುದಾಣದಲ್ಲಿ ಟರ್ಪಾಲು ಮುಚ್ಚಿ ಇಟ್ಟರು. ಮನೆಯಿಂದ ಮೇಲೆ ಬಂದವರು ಅದರಲ್ಲಿ ಕೂರಬಹುದಿತ್ತು. ಮೇಲೆ ಬಂದವರಿಗೆ ರಿಕ್ಷಾವೇ ಇರುತ್ತದೆ.

ಹರಿಪ್ರಸಾದ ಆ ಸಂಜೆ ಕಿಟ್ಟಣ್ಣನ ಮನೆಗೆ ಹೋದ. ಎಲ್ಲ ಬಿಚ್ಚಿ ಹಳೆಯ ಹಾಗೆ ಮಾಡುತ್ತೇನೆ ಎಂದು ಹೇಳಲಿಕ್ಕೇ ಹೋದದ್ದು. ಅರ್ಧ ಹೇಳಿದ ಕೂಡ. ಕಿಟ್ಟಣ್ಣ ಬೇಸರಪಟ್ಟುಕೊಳ್ಳಲಿಲ್ಲ, ಅವನಿಗೆ ಕಾಫಿ ತರಿಸಿದರು.

“ನೀನು ಹೇಳುದು ಸರಿ ಮಾರಾಯ,” ಎಂದರು. “ಆದ್ರೆ ಪುತ್ತೂರಿನ ಕೃಷಿ ಮೇಳದಲ್ಲಿ ಇಡ್ತೇವೆ ಅಂತ ಹೇಳಿ ಆಗಿದೆ. ದಾನಿಗಳೆಲ್ಲ ಬಂದು ನೋಡುದು ಅಲ್ಲಿ. ಅದೊಂದು ಮುಗೀಲಿ. ಮತ್ತೆ ನೀನು ಎಂತ ಬೇಕಾದ್ರೂ ಮಾಡು.”

“ಆಯ್ತು ಮಾವ,” ಎಂದ ಹರಿಪ್ರಸಾದ.

ಮೇಳದಲ್ಲಿ ಕುರ್ಚಿಯ ಸುತ್ತ ಜನವೋ ಜನ. ಮಕ್ಕಳು ಹಾರ್ನು ಒತ್ತಿ ಒತ್ತಿ ಅದನ್ನು ಕೆಡಿಸಿಟ್ಟರು. ಹರಿಪ್ರಸಾದ ಅದರ ಪಕ್ಕ ನಿಂತು ಬಂದವರಿಗೆಲ್ಲ ವಿವರಿಸಿದ. ವಿವರಿಸುತ್ತಿದ್ದಾಗ ಸಫಿಯಾಳ ಫೋನು ಬಂತು, ಗದ್ದಲದಲ್ಲಿ ಕೇಳಿಸಲಿಲ್ಲ ಎಂದುಕೊಂಡು ಜೇಬಿಗೆ ಹಾಕಿದ. ಕೇಳಿಸಿತ್ತು.

ಮೇಳ ಮುಗಿದ ಮರುದಿನ ಬೆಳಿಗ್ಗೆಯೇ ಅವನು ಕುರ್ಚಿ ಬಿಚ್ಚಲು ಕೂತ. ಮಾಡು ಹೋಯಿತು, ಕಂಬ ಹೋಯಿತು, ಕೈಪಟ್ಟಿ, ಹಲಗೆ, ಬ್ಯಾಟರಿ, ಚಕ್ರ, ಹೆಸರಿನ ತಗಡು, ಒಂದೊಂದೇ ಹೋಗಿ ಕೊನೆಗೆ ಝುಲೈಖಾಳ ಕುರ್ಚಿ ಹೊರಬಿತ್ತು. ಮೈಯೆಲ್ಲ ತೂತು. ಬೋಲ್ಟು ಕಚ್ಚಿದ ಜಾಗದಲ್ಲಿ ಪೈಪು ಚಪ್ಪಟೆಯಾಗಿತ್ತು. ಕೈಯಲ್ಲಿ ಹಿಡಿದು ಸ್ವಲ್ಪ ಒತ್ತಿದ್ದೇ, ಹಿಂದಿನ ಹಿಡಿಯ ಬುಡದಲ್ಲಿ ಮಡಚಿತು. ಇದರ ಒಳಗೆ ಉಂಟು ಎಂದು ಅವಳಿಗೆ ಹೇಳಿದ್ದ. ಅದರ ಒಳಗೆ ಏನೂ ಉಳಿದಿರಲಿಲ್ಲ. ಹರಿಪ್ರಸಾದ ನೆಲದಲ್ಲಿ ಕೂತು ಅತ್ತುಬಿಟ್ಟ. ಬೋಲ್ಟು ಕತ್ತರಿಸುವ ಗ್ರೈಂಡರಿನ ಸದ್ದು ನಿಂತದ್ದು ಕೇಳಿ ಚಾ ತಂದಿದ್ದ ಭವಿತಾ ಬಾಗಿಲಲ್ಲೇ ನಿಂತುಬಿಟ್ಟಳು.

ಆಮೇಲೆ ಅವನು ಎದ್ದು ಹೊಸ ಪೈಪು ತಂದು ಹೊಸ ಕುರ್ಚಿ ಮಾಡಿದ. ಮೊದಲಿನ ಹಾಗೆಯೇ, ಒಂದು ಚಕ್ರ, ನಾಲ್ಕು ಹಿಡಿ, ಒಂದು ಬಟ್ಟೆ. ಸಂಜೆಯ ಒಳಗೆ ಮುಗಿಯಿತು. ಅವನಿಗೆ ಆಮೇಲೆ ನಿದ್ದೆ ಕೊಡದೆ ಕಾಡಿದ್ದು ಇದೇ, ಅದು ಒಂದು ದಿನದ ಕೆಲಸವಾಗಿತ್ತು. ಯಾವ ದಿನ ಬೇಕಾದರೂ ಮಾಡಬಹುದಿತ್ತು.

ಮರುದಿನ ಅದನ್ನು ತೆಗೆದುಕೊಂಡು ಹೋದಾಗ ಝುಲೈಖಾ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಹಿಡಿಯುತ್ತಿತ್ತು. ಕಾಲು, ಮುಖ ಎಲ್ಲ ಬಾತಿತ್ತು. ಕುರ್ಚಿಯನ್ನು ನೋಡಿ, ಇದು ಸರಿ ಉಂಟು, ಎಂದಳು. ಅಷ್ಟು ಹೇಳಲಿಕ್ಕೇ ಅವಳು ನಡುವೆ ಒಮ್ಮೆ ನಿಲ್ಲಬೇಕಾಯಿತು. ಎದುರು ಸಫಿಯಾ, ಹಿಂದೆ ನೀಲಾವತಿ. ಕುರ್ಚಿ ಎಲ್ಲಿಯೂ ತಾಗದೆ ಕಾಲುಸಂಕ ದಾಟಿತು. ಹರಿಪ್ರಸಾದ ಹಿಂದಿನಿಂದ ಬರಿಗೈಯಲ್ಲಿ ನಡೆದ. ಅವನ ಅಗತ್ಯವೇ ಬೀಳಲಿಲ್ಲ. ರಿಕ್ಷಾಕ್ಕೆ ಹತ್ತಿಸುವಾಗ ಝುಲೈಖಾ ಅವನ ಮುಖ ನೋಡಿ ಏನೋ ಹೇಳಹೊರಟು, ಉಸಿರು ಸಾಲದೆ, ಸುಮ್ಮನೆ ಕೈ ಎತ್ತಿದಳು.

ಆಸ್ಪತ್ರೆಯಿಂದ ಮರುದಿನ ಅವಳನ್ನು ಆಂಬುಲೆನ್ಸಿನಲ್ಲಿ ತಂದರು. ತಡವಾಯಿತು, ನೀರು ಎದೆಗೆ ಏರಿತ್ತು, ಎಂದು ಡಾಕ್ಟರು ಹೇಳಿದರಂತೆ. ಸಫಿಯಾ ಯಾರನ್ನೂ ದೂರಲಿಲ್ಲ. ದೂರಿದ್ದರೆ ಹರಿಪ್ರಸಾದನಿಗೆ ಅಷ್ಟಾದರೂ ಹಗುರವಾಗುತ್ತಿತ್ತು.

ಮನೆಯಲ್ಲಿ ಹೆಂಗಸರು ಮೀಯಿಸಿ, ಬಿಳಿ ಬಟ್ಟೆ ಹೊದಿಸಿದ ಮೇಲೆ ಮಸೀದಿಯಿಂದ ಹೆಣ ಹೊರುವ ಮಂಚ ಬಂತು. ಹಗುರವಾದ ಮಂಚ, ಎರಡು ಉದ್ದದ ಕೊಳವೆ, ನಡುವೆ ಅಡ್ಡಪಟ್ಟಿಗಳು, ಮತ್ತೇನಿಲ್ಲ. ಹೆಗಲು ಕೊಡಲು ಜನ ಬೇಕಾದಷ್ಟಿದ್ದರು. ರಬ್ಬರಿನವನು ಬಂದಿದ್ದ, ಬಸ್ಸು ಹಿಡಿಯುವವನು ಬಂದಿದ್ದ, ಸೊಂಟ ನೋವಿನವನೂ ಬಂದಿದ್ದ. ಹರಿಪ್ರಸಾದನೂ ಒಂದು ಮೂಲೆಗೆ ಹೆಗಲು ಕೊಟ್ಟ. ಕಾಲುಸಂಕ ಬಂದಾಗ ಅವನ ಕಣ್ಣು ತಾನಾಗಿ ಬೇಲಿಯ ಕಡೆ ಹೋಯಿತು. ಮಂಚದ ಎರಡೂ ಬದಿಗೆ ಜಾಗ ಉಳಿದಿತ್ತು. ಎಲ್ಲಿಯೂ ನಿಲ್ಲದೆ ಅವಳು ರಸ್ತೆಗೆ ಮುಟ್ಟಿದಳು.

ದಫನ ಮುಗಿಯುವ ತನಕ ಹರಿಪ್ರಸಾದ ಮಸೀದಿಯ ಗೇಟಿನ ಹೊರಗೆ ನಿಂತಿದ್ದ. ಗೇಟು ಅವನೇ ಮಾಡಿದ್ದು. ಕಿಟ್ಟಣ್ಣ ಹತ್ತಿರ ಬಂದರು. ಅತ್ತು ಅವರ ಕಣ್ಣು ಕೆಂಪಾಗಿತ್ತು, ಅದು ಸುಳ್ಳಿನ ಅಳುವಲ್ಲ. ಹರಿಪ್ರಸಾದನ ಹೆಗಲ ಮೇಲೆ ಕೈ ಇಟ್ಟು ಮಾತು ತೆಗೆದರು.

“ಹರಿ, ನೀನು ಮೊನ್ನೆ ಮಾಡಿದ ಆ ಸಣ್ಣ ಕುರ್ಚಿ ಉಂಟಲ್ಲ, ಅದನ್ನು ಕಾಣಿಯೂರಿನವರಿಗೆ ಕೊಡುವ. ಝುಲೈಖನ ಸ್ಮರಣಾರ್ಥ ಅಂತ ಒಂದು ಬೋರ್ಡು ಹಾಕುವ. ಕೆಳಗೆ ನಮ್ಮ ದಾನಿಗಳದ್ದೂ ಎಲ್ಲರದ್ದು ಬರ್ಲಿ, ಪಾಪ, ಅವರಿಗೂ ಬೇಜಾರಾಗಿದೆ.”

ಬೇಡ ಮಾವ ಎಂಬ ಮಾತು ಹರಿಪ್ರಸಾದನ ಗಂಟಲಿನ ತನಕ ಬಂತು. ಮಂಚ ಹೊತ್ತು ಮೆಟ್ಟಿಲು ಹತ್ತುವಾಗ ಅವನು ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಂದಿದ್ದ, ಇನ್ನು ಮೇಲೆ ಯಾರೇ ಕೇಳಿದರೂ ಹೇಳುತ್ತೇನೆ ಎಂದು. ಕಿಟ್ಟಣ್ಣನ ಕೈ ಇನ್ನೂ ಹೆಗಲ ಮೇಲಿತ್ತು, ಅವರ ಕಣ್ಣಿನಿಂದ ಇನ್ನೊಂದು ಹನಿ ಇಳಿಯಿತು.

“ಆಯ್ತು ಮಾವ,” ಎಂದ ಹರಿಪ್ರಸಾದ. ಬೋರ್ಡು ಎಷ್ಟು ಉದ್ದ ಬೇಕಾಗಬಹುದು ಎಂದು ಅವನೇ ಕೇಳಿದ.